ಸೂಲಗಿತ್ತಿ ಆಯಿ ಕೊಡದ ಹೆಸರುಗಳು

ಉಗುರು ತೆಗೆಯಲು ಆಯಿಗೆ ಬ್ಲೇಡು ಬೇಕಿರಲಿಲ್ಲ. ಬಟ್ಟೆ ಒಗೆಯುವ ಕಲ್ಲಿಗೆ ಹತ್ತೂ ಬೆರಳು ತಿಕ್ಕಿ ಉಗುರುಗಳನ್ನು ಮಾಂಸದ ಮಟ್ಟಕ್ಕೆ ಸವೆಸಿಬಿಡುತ್ತಿದ್ದಳು. ಆ ದಪ್ಪ ಬೆರಳುಗಳಿಗೆ ಸದಾ ಹರಳೆಣ್ಣೆಯ ವಾಸನೆ. ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಹುಟ್ಟಿದವರನ್ನೆಲ್ಲ ಮೊದಲು ಮುಟ್ಟಿದ್ದು ಆ ಕೈ. ನನ್ನನ್ನೂ.

ಹೆರಿಗೆ ಮಾಡಿಸಲು ಹೋದಾಗ ಆಕೆಯದೊಂದು ರೀತಿ ಇತ್ತು. ಅತ್ತೆ ಕರೆಯಲಿ, ಗಂಡ ಕೈ ಮುಗಿಯಲಿ, ಬೇನೆ ತಿನ್ನುವವಳೇ ‘ಒಳಗ ಬಾ ಆಯಿ’ ಅನ್ನುವ ತನಕ ಬಾಗಿಲಲ್ಲೇ ನಿಲ್ಲುತ್ತಿದ್ದಳು. “ಮೈ ಆಕೀದು, ಆಕೀನ ಕರೀಬೇಕು” ಎನ್ನುತ್ತಿದ್ದಳು. ಮುದುಕಿಯ ಹುಚ್ಚು ಎಂದು ನಾವು ನಗುತ್ತಿದ್ದೆವು.

ತುರ್ತು ಪರಿಸ್ಥಿತಿಯ ಕಾಲದಲ್ಲಿ ನಾನು ಅದೇ ಓಣಿಯ ಸಾಲೆಯಲ್ಲಿ ಟೀಚರು. ಸಂತಾನ ನಿಲ್ಲಿಸುವ ಆಪರೇಶನ್ನಿಗೆ ಒಬ್ಬೊಬ್ಬ ಶಿಕ್ಷಕರೂ ಮೂರು ಮಕ್ಕಳಾದ ಇಬ್ಬಿಬ್ಬರು ಗಂಡಸರ ಹೆಸರು ಕೊಡಬೇಕು, ಇಲ್ಲವಾದರೆ ದೂರದೂರಿಗೆ ವರ್ಗ ಎಂದು ಮೇಲಿನಿಂದ ಫರ್ಮಾನು ಬಂತು. ಜೀಪಿನ ಸದ್ದು ಕೇಳಿದರೆ ಸಾಕು, ಮಗ್ಗ ಬಿಟ್ಟು ಗಂಡಸರು ಹೊಲದ ಕಡೆ ಓಡುತ್ತಿದ್ದರು. ನನ್ನ ಅವ್ವನಿಗೆ ಲಕ್ವ ಹೊಡೆದು ಒಂದು ಕೈಕಾಲು ಬಿದ್ದಿತ್ತು. ನಾನು ಹೋದರೆ ನೋಡುವವರಿಲ್ಲ. ಸಾಲೆಯ ರಿಜಿಸ್ಟರು ತೆಗೆದು ಮೂರು ಮಕ್ಕಳಿದ್ದ ಒಬ್ಬ ನೇಕಾರನ ಹೆಸರು ಬರೆದೆ. ಎರಡನೆಯದನ್ನು ಕೇಳಲು ಆಯಿಯ ಹತ್ತಿರ ಹೋದೆ. ಯಾರಿಗೆ ಎಷ್ಟು ಮಕ್ಕಳೆಂದು ಆಕೆಗಿಂತ ಬಲ್ಲವರು ಯಾರು?

“ಮೊದಲ ಯಾರ ಹೆಸರ ಬರದೀ, ಓದು.”

ಓದಿದೆ.

“ಅಯ್ಯ ನಿನ್ನ! ಅದರಾಗ ಎರಡು ಸತ್ತ ಅಣ್ಣನ ಮಕ್ಕಳು. ಸಾಲಿಗೆ ಹಚ್ಚೂಮುಂದ ಅಪ್ಪ ಅಂತ ತನ್ನ ಹೆಸರು ಬರಸ್ಯಾನ. ಅವಂದಂತ ಇರೂದು ಒಂದ ಕೂಸು.”

ಆ ಹೆಸರನ್ನು ಹೊಡೆದುಹಾಕಿದೆ. ಆದರೂ ನಾಚಿಕೆಗೆಟ್ಟವಳು ನಾನು, “ಹಂಗಾದ್ರ ಖರೇನ ಮೂರಿದ್ದವರ ಹೆಸರು ಹೇಳು” ಎಂದೆ.

“ಹತ್ತು ಇರಲಿ ಬೇಕಾದ್ರ! ಆ ಗಂಡಸನ್ನ ಕೇಳೀಯೇನು? ಸಾಲಿ ಕಲಿಸೋ ಅಕ್ಕೋರು ನೀ. ಕುರಿ ಹಿಡಿಯಾಕ ಬಂದಂಗ ಬಂದೀಯಲ್ಲ!”

ಆಕೆ ಆಪರೇಶನ್ನಿನ ವೈರಿಯೇನಲ್ಲ. ‘ಐದಾದವು, ಸಾಕಾತು’ ಎಂದು ಬಂದ ಹೆಣ್ಣುಮಗಳನ್ನು ತಾನೇ ಬಸ್ಸು ಹತ್ತಿಸಿ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದವಳು. ಕೇಳಿ ಬಂದವರನ್ನು ಕರೆದೊಯ್ಯುವುದಕ್ಕೂ ಒಲ್ಲೆನೆಂದವರನ್ನು ಎಳೆದೊಯ್ಯುವುದಕ್ಕೂ ವ್ಯತ್ಯಾಸ ತಿಳಿಯದೆ ಹೋದದ್ದು ಓದಿದ ನನಗೆ. ಪಟ್ಟಿಯನ್ನು ಅಲ್ಲೇ ಹರಿದೆ.

ಆಯಿ ಹೆಸರು ಕೊಡಲೊಲ್ಲಳೆಂಬ ಸುದ್ದಿ ಮುಟ್ಟಿ, ವಾರದೊಳಗೆ ತಾಲೂಕಿನ ಸಾಹೇಬನೇ ಪೊಲೀಸನೊಂದಿಗೆ ಆಯಿಯ ಕಟ್ಟೆಗೆ ಬಂದ. ಓಣಿಯೆಲ್ಲ ನೆರೆಯಿತು.

“ಸರಕಾರದ ಕೆಲಸಕ್ಕೆ ಅಡ್ಡ ಬರ್ತೀಯಾ? ಹೆಸರು ಹೇಳು!”

ಆಯಿ ಎದ್ದೇಳಲೂ ಇಲ್ಲ. “ಸರಕಾರಕ್ಕ ಭಾಳ ಕೆಲಸ ಅದಾವ್ರಿ. ರಸ್ತಾ ಮಾಡ್ಲಿ, ನೀರು ಕೊಡ್ಲಿ, ಕಳ್ಳರನ್ನ ಹಿಡೀಲಿ. ಅಷ್ಟು ನೆಟ್ಟಗ ಮಾಡಿದ್ರ ಕೈ ಮುಗೀತೇನಿ. ಗಂಡ ಹೆಂಡ್ತಿ ಹಾಸಿಗಿ ಅದರ ಕಚೇರಿ ಅಲ್ಲ.”

“ಒಳಗೆ ಹಾಕಿಸ್ತೀನಿ!”

“ಹಾಕಸ್ರಿ. ಅಲ್ಲೂ ಬಸುರಿ ಹೆಂಗಸರು ಇರ್ತಾರ, ನನಗ ಕೆಲಸ ಸಿಗ್ತೈತಿ.”

ಜನ ನಕ್ಕರು. ಅಷ್ಟು ದಿನ ಹೆದರಿ ಸತ್ತಿದ್ದ ಜನ! ಆಯಿಯನ್ನು ಸಂಜೆಯ ತನಕ ಠಾಣೆಯಲ್ಲಿ ಕೂಡಿಸಿದರು. ದವಾಖಾನೆಯಿಂದ ಕೊಟ್ಟಿದ್ದ ಔಷಧದ ಪೆಟ್ಟಿಗೆ ಕಸಿದುಕೊಂಡರು. ಹೆಸರು ಮಾತ್ರ ಒಂದೂ ಸಿಗಲಿಲ್ಲ. ನನಗೆ ಬಾದಾಮಿಯಾಚೆಯ ಹಳ್ಳಿಗೆ ವರ್ಗವಾಯಿತು. ಒಂದೂವರೆ ವರ್ಷ ನನ್ನ ಅವ್ವನಿಗೆ ಉಣಿಸಿ, ಎರೆದು, ಕೂದಲು ಬಾಚಿದವಳು ಆಯಿ.

ಎಂಬತ್ತರ ದಶಕದಲ್ಲಿ ಆಕೆಯ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಬಾಗಲಕೋಟೆಗೆ ಒಯ್ದೆವು. ಕೊಯ್ದರೆ ಬದುಕಬಹುದು, ಬದುಕದೆಯೂ ಇರಬಹುದು ಎಂದರು. “ಒಲ್ಲೆ, ಮನೀಗೆ ಒಯ್ರಿ” ಎಂದಳು ಆಯಿ. ಆಕೆಯ ತಮ್ಮನ ಮಗ ಅಳುತ್ತಲೇ ಕೊಯ್ಯಲು ಒಪ್ಪಿಗೆಯ ಸಹಿ ಹಾಕಿಬಿಟ್ಟ. ಮರುದಿನ ಮುಂಜಾನೆ ಗಾಡಿ ತಳ್ಳಿಕೊಂಡು ಬಂದರು. ರಾತ್ರಿಯೇ ಮಾತು ನಿಂತುಹೋಗಿದ್ದ ಆಯಿ ನನ್ನ ಕಡೆ ನೋಡಿದಳು. ನಾನು ಮಂಚಕ್ಕೆ ಅಡ್ಡ ನಿಂತೆ.

“ಆಕಿ ಒಲ್ಲೆ ಅಂದಾಳ್ರಿ.”

“ಆಕೆಯ ಒಳ್ಳೇದಕ್ಕೇ ಅಲ್ಲೇನ್ರಿ?” ಎಂದರು ಡಾಕ್ಟರು.

“ಇರಬಹುದ್ರಿ. ಆದ್ರ ಒಲ್ಲೆ ಅಂದಾಳ.”

ಕೊಯ್ಯಿಸದೆ ಕರೆತಂದ ಒಂಬತ್ತನೆಯ ದಿನ ತನ್ನ ಮನೆಯಲ್ಲೇ ತೀರಿಹೋದಳು. ಕೊಯ್ದಿದ್ದರೆ ಉಳಿಯುತ್ತಿದ್ದಳೋ ಏನೋ. ತಮ್ಮನ ಮಗ ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ಬಿಡಲಿ, ನಾನು ಅವನ ಕ್ಷಮೆ ಕೇಳುವವಳಲ್ಲ.