ಅಖ್ತರ್ ಬಾನು ಫೋನು ಆರಿಸಿದ್ದು

ತುಮಕೂರು ಸದಾಶಿವನಗರದ ಆ ಬೀದಿಯಲ್ಲಿ ಅಖ್ತರ್ ಬಾನು ಅವರ ಮನೆ ಯಾವುದೆಂದು ಕೇಳಿ ತಿಳಿಯಬೇಕಾಗಿಲ್ಲ. ಬೆಳಗಿನ ಹತ್ತು ಗಂಟೆಗೆ ಯಾವ ಮನೆಯ ಮೆಟ್ಟಿಲ ಮೇಲೆ ಒಂದು ಕೈಯಲ್ಲಿ ಸೀರೆಯ ಸೆರಗು, ಇನ್ನೊಂದು ಕೈಯಲ್ಲಿ ದಾರದ ರೀಲು ಹಿಡಿದುಕೊಂಡು ಒಬ್ಬರು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿರುತ್ತಾರೋ ಅದೇ ಅವರ ಮನೆ. ಮದುವೆಯ ರವಿಕೆಗಳಿಗೆ ಕೊಕ್ಕೆಸೂಜಿಯ ಕಸೂತಿ ಹಾಕುವುದು ಅವರ ಕಸುಬು. ಒಳಗೆ ಎರಡು ಟ್ಯೂಬ್‌ಲೈಟು ಉರಿಯುತ್ತಿದ್ದರೂ ಬಣ್ಣ ನೋಡುವುದಕ್ಕೆ ಮಾತ್ರ ಅವರು ಹೊರಗೇ ಬರಬೇಕು.

"ಟ್ಯೂಬ್‌ಲೈಟು ಮದ್ವೆ ದಲ್ಲಾಳಿ ಇದ್ದಂಗೆ, ಎಲ್ಲಾನೂ ಚಂದ ಮಾಡೇ ತೋರ್ಸೋದು. ಬಿಸ್ಲಿಗೆ ಯಾರ ಹಂಗೂ ಇಲ್ಲ" ಎನ್ನುತ್ತಾರೆ.

ಗುಬ್ಬಿಯಲ್ಲಿ ಹದಿಮೂರನೇ ವಯಸ್ಸಿಗೇ ಸೋದರತ್ತೆಯ ಮಗ್ಗುಲಲ್ಲಿ ಕೂತು ಕೊಕ್ಕೆಸೂಜಿ ಹಿಡಿದವರು. ಟೈಲರ್ ಕರೀಂ ಸಾಬರನ್ನು ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ಮೊದಲು ಸೀರೆಗೆ ಫಾಲ್ಸು, ಆಮೇಲೆ ಕುಚ್ಚು, ಆಮೇಲೆ ಮುಂದಿನ ಕೋಣೆಯಲ್ಲಿ ಮರದ ಚೌಕಟ್ಟು ಹಾಕಿ ಕಸೂತಿ. ಈ ಇಪ್ಪತ್ತೆಂಟು ವರ್ಷದಲ್ಲಿ ಅವರ ಕೈಯಲ್ಲಿ ಬಣ್ಣ ತಪ್ಪಿದ್ದು ಒಂದೇ ಒಂದು ಸಲ. ಆ ಒಂದು ಸಲಕ್ಕೆ ಕಾರಣ ತಾನೇ ಎಂದು ಮಹಡಿಯ ಬಾಡಿಗೆ ಮನೆಯ ಸುಮನಾ ನಂಬಿದ್ದಳು.

ಸುಮನಾ ಬೆಂಗಳೂರಿನಲ್ಲಿ ಓದಿ ಬೆಳೆದವಳು, ಒಂದೂವರೆ ವರ್ಷದ ಹೆಣ್ಣುಮಗುವಿನ ತಾಯಿ. ಮಗುವಿಗೆ ಮೈ ಬಿಸಿಯಾದಾಗ ಒಂದು ಥರ್ಮಾಮೀಟರು ತಂದಳು. ಅದರ ಮೇಲೆ ನಂಬಿಕೆ ಸಾಲದೆ ಇನ್ನೊಂದು ತಂದಳು. ಎರಡಕ್ಕೂ ಅರ್ಧ ಡಿಗ್ರಿ ವ್ಯತ್ಯಾಸ ಬಂದಾಗ, ಯಾವುದು ಸರಿಯೆಂದು ತೀರ್ಮಾನಿಸಲು ಮೂರನೆಯದು. ಅಂಥವಳನ್ನು ಬಾನು ಅವರು ಹೋದ ವರ್ಷ ಕರೆದು, "ದೂರದ ಗಿರಾಕಿಗಳೆಲ್ಲ ಫೋಟೊ ಕಳಿಸ್ತೀವಿ ಅಂತಾರಮ್ಮ, ನಂಗೊಂದು ಫೋನ್ ನೋಡು" ಎಂದಿದ್ದರು. ಸುಮನಾ ಹನ್ನೊಂದು ದಿನ ವಿಡಿಯೊ ನೋಡಿ, ಬಣ್ಣಗಳು ಕಣ್ಣಿಗೆ ಹೊಡೆದ ಹಾಗೆ ಕಾಣುವ ಫೋನೊಂದನ್ನು ಆರಿಸಿಕೊಟ್ಟಳು. ಬಣ್ಣದ ಕೆಲಸದವರಿಗೆ ಬಣ್ಣ ಚೆನ್ನಾಗಿ ಕಾಣಬೇಕಲ್ಲ ಎಂಬುದು ಅವಳ ಲೆಕ್ಕ.

ಆ ಫೋನಿಗೆ ಕುಣಿಗಲ್‌ನ ಗಂಗಾಂಬಿಕೆ ತಮ್ಮ ಮಗಳ ನಿಶ್ಚಿತಾರ್ಥದ ಸೀರೆಯ ಫೋಟೊ ಕಳಿಸಿದರು. ಸೀರೆ ಈರುಳ್ಳಿ ಸಿಪ್ಪೆಯ ಬಣ್ಣ, ಪರದೆಯಲ್ಲಿ ಕಂಡದ್ದು ಕಡು ರಾಣಿ ಬಣ್ಣ. ಬಾನು ಅವರು ರಾಣಿ ದಾರದಲ್ಲೇ ಎರಡು ತೋಳಿನ ತುಂಬ ಹೂ ತೆಗೆದು ಕಳಿಸಿದರು.

ಗಂಗಾಂಬಿಕೆ ಆಗ ಅದನ್ನು ದೊಡ್ಡದು ಮಾಡಲಿಲ್ಲ. ಈಗ, ಮದುವೆಗೆ ಮೂರು ತಿಂಗಳಿರುವಾಗ ಒಂದು ಭಾನುವಾರ, ಫೋನು ಮಾಡಿದರು. ಸ್ಪೀಕರ್ ಹಾಕಿತ್ತು. ಚೌಕಟ್ಟಿನ ಆಚೆ ಕೂತ ಸುಮನಾ, ಮಗು ದಾರದ ರೀಲು ಬಾಯಿಗೆ ಹಾಕದಂತೆ ಕಾಯುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಬಾನಕ್ಕ, ನಿಶ್ಚಿತಾರ್ಥದ್ದು ನಾನು ಮರ್ತಿಲ್ಲ. ಫೋಟೊದಲ್ಲಿ ನನ್ ಮಗಳು ಮೇಲೊಂದು ಹುಡ್ಗಿ, ಕೆಳಗೊಂದು ಹುಡ್ಗಿ ಥರ ಬಂದವ್ಳೆ."

"ತಪ್ಪು ನಂದೇ ಅಕ್ಕ. ಬಿಚ್ಚಿ ಮತ್ತೆ ಹಾಕ್ಕೊಡ್ತೀನಿ ಅಂದೆ, ನೀವೇ ಬೇಡ ಅಂದ್ರಿ."

"ಶಾಸ್ತ್ರ ಮುಗ್ದ್ ಮೇಲೆ ಬಿಚ್ಚಿ ಏನ್ ಮಾಡ್ಲಿ. ಕೇಳಿ ಈಗ. ಮುಹೂರ್ತದ ಸೀರೆ ಬಾಳೆಸುಳಿ ಬಣ್ಣ. ಮನೆದೇವ್ರ ಮುಂದೆ ಇಟ್ಟಿದೀವಿ, ಇನ್ ಧಾರೆ ದಿನದ ಗಂಟ ಹೊಸ್ಲು ದಾಟಂಗಿಲ್ಲ. ಬ್ಲೌಸ್ ಪೀಸು ಮೆರೂನು, ಅದನ್ನ ಮೊದ್ಲೇ ಕತ್ತರ್ಸಿದ್ವಿ. ಅದ್ರ ಮೇಲೆ ಸೀರೆ ಬಣ್ಣದ್ದೇ ದಾರ ಬರ್ಬೇಕು. ಫೋಟೊ ಹಾಕ್ತೀನಿ, ಗುರುವಾರದೊಳಗೆ ದಾರ ಆರ್ಸಿ ತೋರ್ಸಿ. ಒಪ್ಪಿದ್ರೆ ಮನೆಯೋರ್ದೆಲ್ಲ ಸೇರಿ ಹನ್ನೊಂದು ಬ್ಲೌಸೂ ನಿಮ್ಗೇ. ಇಲ್ದಿದ್ರೆ ಇಲ್ಲೇ ಒಬ್ಳು ಹೊಸ್ದಾಗಿ ಶುರು ಮಾಡವ್ಳೆ."

ಹನ್ನೊಂದು ರವಿಕೆ ಎಂದರೆ ಎರಡು ತಿಂಗಳ ಕೆಲಸ. ಬಾನು ಅವರಿಗೆ ನಾಟಿದ್ದು ಅದಲ್ಲ. ಕುಣಿಗಲ್ ಕಡೆ ಅವರ ಹೆಸರು ಹಬ್ಬಿದ್ದೇ ಗಂಗಾಂಬಿಕೆಯ ಬಾಯಿಂದ, ಅದೇ ಬಾಯಿಂದ ಅಳಿಸಿಹೋಗುವುದಕ್ಕೆ ಒಂದು ಮದುವೆ ಮನೆ ಸಾಕು.

"ಫೋನ್ ಬದಲಾಯ್ಸೋಣ ಆಂಟಿ" ಎಂದಳು ಸುಮನಾ. "ಹೆಂಗೂ ಅದ್ರ ಬ್ಯಾಟ್ರಿ ನಿಲ್ತಿಲ್ಲ. ಈ ಸಲ ಸರಿಯಾಗಿ ಕಂಪೇರ್ ಮಾಡ್ತೀನಿ."

ಬಾನು ಅವರು ನಕ್ಕರು. "ಹೋದ್ಸಲ ತಪ್ಪಾಗಿ ಮಾಡಿದ್ಯಾ? ಹನ್ನೊಂದು ದಿನ ಅನ್ನ ನೀರು ಬಿಟ್ಟು ಮಾಡ್ದೆ. ಆಯ್ತು, ಮಂಗಳವಾರ ಹೋಗಣ. ನಂದೂ ಒಂದು ಪರೀಕ್ಷೆ ಅದೆ."

ಮಂಗಳವಾರದ ಹೊತ್ತಿಗೆ ಸುಮನಾಳ ಬಳಿ ಒಂದು ಪಟ್ಟಿ ಸಿದ್ಧವಾಗಿತ್ತು. ನಾಲ್ಕು ಕಂಪನಿ, ಹದಿನಾಲ್ಕು ಕಾಲಂ. ಕ್ಯಾಮೆರಾ, ಪರದೆ, ಪ್ರೊಸೆಸರ್, ಎಷ್ಟು ವರ್ಷ ಅಪ್‌ಡೇಟು, ಜನರ ಅಭಿಪ್ರಾಯ, ಆ ಅಭಿಪ್ರಾಯಗಳಲ್ಲಿ ದುಡ್ಡು ಕೊಟ್ಟು ಬರೆಸಿದ್ದೆಷ್ಟಿರಬಹುದೆಂಬ ಅವಳದೇ ಒಂದು ಅಂದಾಜು. ಮಗುವನ್ನು ಸೊಂಟಕ್ಕೇರಿಸಿಕೊಂಡು ಬಿ.ಎಚ್. ರಸ್ತೆಯ ಮೊಬೈಲ್ ಅಂಗಡಿಯೊಳಗೆ ನಿಂತು ಓದತೊಡಗಿದಳು.

"ಇದ್ರಲ್ಲಿ ನೂರೆಂಟು ಮೆಗಾಪಿಕ್ಸೆಲ್ ಆಂಟಿ. ಅದ್ರಲ್ಲಿ ಐವತ್ತೇ, ಆದ್ರೆ ಸೆನ್ಸರ್ ದೊಡ್ದು. ಹಂಗಂತ..."

"ನೂರೆಂಟು ಕಣ್ಣಿದ್ರೂ ಈರುಳ್ಳಿ ಈರುಳ್ಳಿ ಥರ ಕಾಣ್ಬೇಕಲ್ಲಮ್ಮ" ಎನ್ನುತ್ತ ಬಾನು ಅವರು ಚೀಲಕ್ಕೆ ಕೈಹಾಕಿ ಒಂದು ಈರುಳ್ಳಿಯನ್ನೂ ಏಳು ದಾರದ ರೀಲುಗಳನ್ನೂ ತೆಗೆದು ಗಾಜಿನ ಕೌಂಟರಿನ ಮೇಲೆ ಸಾಲಾಗಿ ಇಟ್ಟರು. ಏಳೂ ಗುಲಾಬಿಯ ಏಳು ಬಗೆ. ಈರುಳ್ಳಿಗೆ ಹೊಂದುವುದು ನಾಲ್ಕನೆಯದು. ಅದನ್ನು ಅವರು ಬೆಳಿಗ್ಗೆಯೇ ಮೆಟ್ಟಿಲ ಮೇಲೆ ನಿಂತು ಗೊತ್ತು ಮಾಡಿಕೊಂಡಿದ್ದರು.

ಅಂಗಡಿಯ ಕಿರಣ್‌ಕುಮಾರ್ ನೋಡಿದ. "ಆಂಟಿ, ಇದು ತರಕಾರಿ ಅಂಗಡಿ ಅಲ್ಲ."

"ಗೊತ್ತು ಕಣಪ್ಪ. ತರಕಾರಿ ಅಂಗಡೀಲಾದ್ರೆ ಕೊಳ್ತೋಗಿದ್ಯಾ ಅಂತ ಮೂಸಿ ನೋಡ್ಬೋದು. ನಿನ್ ಅಂಗಡೀಲಿ ಏನ್ ಮೂಸ್ಲಿ? ಈ ನಾಕು ಫೋನ್ನೂ ಹೊರಗಡೆ ಬಿಸ್ಲಿಗೆ ತಗೊಂಡ್ ಬಾ."

"ಹೊರಗೆ ತಗೊಂಡೋಗಂಗಿಲ್ಲ. ವೈರ್ ಕಟ್ಟಿದೆ, ಎಳುದ್ರೆ ಬಡ್ಕೊಳುತ್ತೆ."

"ಬಿಚ್ಕೊಂಡು ನೀನೂ ಬಾ. ನಂಬ್ಕೆ ಇಲ್ದಿದ್ರೆ ಇವಳ ಮಗೂನ ಒಳಗೆ ಕೂರ್ಸಿರ್ತೀವಿ, ಅಡವು ಇಟ್ಕೊ."

ಸುಮನಾ ಮಗುವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡಳು. ತಮಾಷೆಯೆಂದು ಗೊತ್ತಿದ್ದರೂ ಅವಚಿಕೊಂಡಳು. ಕಿರಣ್‌ಕುಮಾರ್ ನಕ್ಕು ವೈರು ಬಿಚ್ಚಿದ.

ಅಂಗಡಿಯ ಮೆಟ್ಟಿಲ ಮೇಲೆ ಈರುಳ್ಳಿ ಕೂತಿತು, ಮಗ್ಗುಲಲ್ಲಿ ಏಳು ರೀಲು. ನಾಲ್ಕು ಫೋನಿನಿಂದಲೂ ಒಂದೊಂದು ಫೋಟೊ. ಕಂಪನಿಯ ಹೆಸರುಗಳು ಬಾನು ಅವರ ನಾಲಗೆಗೆ ಹೊರಳುವುದಿಲ್ಲ. ಅವರೇ ಹೆಸರಿಟ್ಟರು. ಈರುಳ್ಳಿಗೆ ತುಟಿಬಣ್ಣ ಬಳಿದಂತೆ ತೋರಿಸಿದ್ದು 'ಮದುವಣಗಿತ್ತಿ', ಇಟ್ಟಿಗೆಯಂತೆ ಕಂದಿಸಿ ತೋರಿಸಿದ್ದು 'ಗದ್ದೆಗೆ ಹೋದೋಳು', ಬಿಳಿಚಿಸಿ ತೋರಿಸಿದ್ದು 'ಜ್ವರದೋಳು'. ನಾಲ್ಕನೆಯದರಲ್ಲಿ ಈರುಳ್ಳಿ ಈರುಳ್ಳಿಯಂತೆಯೇ ಇತ್ತು. ಅದು 'ಸತ್ಯವಂತೆ'. ಬೆಲೆ ಕೇಳಿದಾಗ, ಅವರು ಅಂದುಕೊಂಡು ಬಂದದ್ದರ ಮೂರು ಪಟ್ಟು.

"ಇದೇ ತಗೊಳ್ಳೋಣ ಆಂಟಿ" ಎಂದಳು ಸುಮನಾ ಒಂದೇ ಉಸಿರಿಗೆ. "ಕಂತಿಗೆ ಕೊಡ್ತಾರೆ. ಹೋದ್ಸಲ ತಪ್ಪಾಗಿದ್ದು ನನ್ನಿಂದ, ನಾನೂ ಅರ್ಧ ಹಾಕ್ತೀನಿ."

"ತಡಿ. ಕಿರಣಪ್ಪ, ಈ ಸತ್ಯವಂತೆ ತೆಗ್ದಿದ್ ಫೋಟೊನ ನನ್ ಹಳೇ ಫೋನಿಗೆ ಕಳ್ಸು."

ಬಂತು. ಹಳೆಯ ಫೋನಿನ ಪರದೆಯಲ್ಲಿ ಅದೇ ಈರುಳ್ಳಿ ಮತ್ತೆ ರಾಣಿ ಬಣ್ಣಕ್ಕೆ ತಿರುಗಿ ಹೊಳೆಯಿತು.

"ನೋಡ್ದಾ" ಎಂದರು ಬಾನು. "ಒಬ್ಳು ನಿಜ ಹೇಳಿದ್ರೆ ಇನ್ನೊಬ್ಳು ಕೇಳ್ಸ್ಕೊಳ್ಳೋದು ಬೇರೆ. ನಾನು ಎಂಥ ಸತ್ಯವಂತೆನ ಮನೆಗೆ ತಂದ್ರೂ ಕುಣಿಗಲ್‌ನಲ್ಲಿ ಫೋಟೊ ತೆಗೆಯೋದು ಗಂಗಾಂಬಿಕಕ್ಕನ ಫೋನು. ನನ್ ಕನ್ನಡಿ ಬದಲಾಯ್ಸಿದ್ರೆ ಅವರ ಮುಖ ತೊಳ್ದಂಗಾಗುತ್ತಾ?"

ಸುಮನಾ ಪಟ್ಟಿಯನ್ನು ಮತ್ತೆ ಬಿಡಿಸಿ ನೋಡಿದಳು. ಹದಿನಾಲ್ಕು ಕಾಲಮಿನಲ್ಲಿ ಆಚೆ ಕಡೆಯವರ ಫೋನಿಗೆ ಒಂದು ಕಾಲಂ ಇರಲಿಲ್ಲ. ಹೋದ ವರ್ಷ ಆರಿಸಿಕೊಟ್ಟಾಗಲೂ ಅದು ಅವಳಿಗೆ ಹೊಳೆದಿರಲಿಲ್ಲ. ಇವತ್ತು ಮಂಗಳವಾರ, ನಡುವೆ ಇರುವುದು ಒಂದೇ ದಿನ. ಇನ್ನೇನು ಅಳು ಬರುತ್ತದೆ ಎನ್ನುವಾಗ ಬಾನು ಅವರು ಮೆಟ್ಟಿಲ ಮೇಲೆ ಕುಕ್ಕರಗಾಲಲ್ಲಿ ಕೂತು, ನಾಲ್ಕೂ ಫೋನುಗಳನ್ನು ರವಿಕೆ ಪೀಸುಗಳಂತೆ ಪಕ್ಕಪಕ್ಕ ಹರಡಿಕೊಂಡಿದ್ದರು. ಸೂಜಿಗೆ ದಾರ ಪೋಣಿಸುವಾಗಿನ ಮುಖ. ಆ ಮುಖ ಇದ್ದಾಗ ಯಾರೂ ಮಾತಾಡಿಸುವಂತಿಲ್ಲ.

"ಸುಮಾ, ಈರುಳ್ಳಿನ ಒಂದೇ ನೋಡ್ಬೇಡ. ಅದ್ರ ಪಕ್ಕ ನಾಕನೇ ರೀಲ್ ನೋಡು."

ಸುಮನಾ ಬಾಗಿದಳು.

"ಮದುವಣಗಿತ್ತೀಲಿ ಎರಡೂ ರಾಣಿ. ಗದ್ದೆಗೆ ಹೋದೋಳಲ್ಲಿ ಎರಡೂ ಇಟ್ಗೆ. ಜ್ವರದೋಳಲ್ಲಿ ಎರಡಕ್ಕೂ ಜ್ವರ. ಸುಳ್ಳು ಹೇಳ್ಲಿ ಬುಡು. ಇಬ್ರಿಗೂ ಒಂದೇ ಸುಳ್ಳು ಹೇಳ್ತವೆ." ಮೊಣಕಾಲಿನ ಮೇಲೆ ಕೈಯೂರಿ ಎದ್ದರು. "ದಾರನ ಇಲ್ಲಿಟ್ಕೊಂಡು ಸೀರೆನ ಅಲ್ಲಿಟ್ಟು ಫೋನ್ ನಂಬ್ದೆ ನೋಡು, ಅದು ತಪ್ಪು. ದಾರ ಸೀರೆ ಹತ್ರ ಹೋಗ್ಬೇಕು. ಆಮೇಲೆ ಯಾವ್ ಫೋನಾದ್ರೇನು."

ಆಮೇಲಿನ ಆಯ್ಕೆಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ವಿಡಿಯೊ ಕಾಲು ಮಾಡಿದರೆ ದಿನವಿಡೀ ಬ್ಯಾಟರಿ ನಿಲ್ಲಬೇಕು. ಪರದೆ ಅಗಲವಾಗಿರಬೇಕು, ದಾರದ ಎಳೆ ಎಳೆಯೂ ಕಾಣಬೇಕು. ಬೀದಿಯಲ್ಲಿ ಸೊಪ್ಪಿನವಳು ಕೂಗುವಾಗಲೂ ಮಾತು ಕೇಳಿಸಬೇಕು. ಕೆಟ್ಟರೆ ತುಮಕೂರಿನಲ್ಲೇ ರಿಪೇರಿಯಾಗಬೇಕು. ಸುಮನಾಳ ಪಟ್ಟಿ ಈಗ ಉಪಯೋಗಕ್ಕೆ ಬಂತು. ಅವಳು ಒಂದೊಂದೇ ಕಾಲಂ ಓದಿದಳು, ಬಾನು ಅವರು ಬೆರಳು ಮಡಿಸಿದರು. ನಾಲ್ಕರಲ್ಲಿ ಉಳಿದದ್ದು ಎಲ್ಲಕ್ಕಿಂತ ಅಗ್ಗದ್ದು.

"ಜ್ವರದೋಳನ್ನೇ ಕೊಡು."

"ಅದ್ರ ಕ್ಯಾಮೆರಾ ಅಷ್ಟಕ್ಕಷ್ಟೇ ಆಂಟಿ. ಆಮೇಲೆ ನನ್ನ ಬೈಬೇಡಿ" ಎಂದ ಕಿರಣ್‌ಕುಮಾರ್.

"ನಿನ್ನ ಯಾಕ್ ಬೈಲಿ. ಸತ್ಯವಂತೆಗಿಂತ ನೀನೇ ವಾಸಿ."

ಮಧ್ಯಾಹ್ನ ಕರೀಂ ಸಾಬರ ಅಂಗಡಿಯಿಂದ ಶರ್ಟಿನ ಪೆಟ್ಟಿಗೆಯ ದಪ್ಪ ರಟ್ಟು ಬಂತು. ಬಾನು ಅವರು ಅದರ ನಡುವೆ ಕಿಟಕಿಯಂತೆ ಕತ್ತರಿಸಿ, ತಮ್ಮ ಮರದ ಚೌಕಟ್ಟಿನದೇ ಒಂದು ಮರಿಯನ್ನು ಮಾಡಿದರು. ಕಿಟಕಿಗೆ ಅಡ್ಡಲಾಗಿ ಬಾಳೆಸುಳಿಯ ಎಳೆಹಳದಿಯಿಂದ ಗಿಳಿಹಸಿರಿನವರೆಗೆ ಒಂಬತ್ತು ದಾರ, ಒಂದೊಂದೂ ಬೆರಳಗಲದ ಅಂತರದಲ್ಲಿ, ತಂತಿಯಂತೆ ಬಿಗಿಯಾಗಿ. ಅಂಚಿನಲ್ಲಿ ಸುಮನಾ ದುಂಡಗೆ ಒಂದರಿಂದ ಒಂಬತ್ತರವರೆಗೆ ಬರೆದಳು. ಬುಧವಾರ ಬೆಳಿಗ್ಗೆ ಅದು ಕುಣಿಗಲ್ ಬಸ್ಸಿನ ಕಂಡಕ್ಟರ್ ಕೈ ಸೇರಿತು. ಅವನು ಅದನ್ನು ಸೀಟಿನ ಸಂದಿಗೆ ತುರುಕಿದ್ದು ನೋಡಿ ಸುಮನಾ ಬಸ್ಸಿನ ನಂಬರಿನ ಫೋಟೊ ತೆಗೆದುಕೊಂಡಳು. ಮನೆಗೆ ಬಂದ ಮೇಲೆ, ಕಂಡಕ್ಟರನ ಫೋಟೊವನ್ನೂ ತೆಗೆಯಬೇಕಿತ್ತು ಎಂದು ಸಂಜೆವರೆಗೆ ಹೇಳಿಕೊಂಡಳು.

ಗುರುವಾರ ಹತ್ತು ಗಂಟೆಗೆ ಹೊಸ ಫೋನಿನಲ್ಲಿ ಗಂಗಾಂಬಿಕೆಯ ಮುಖ ಬಂತು, ಕೊಂಚ ಬಿಳಿಚಿಕೊಂಡೇ.

"ಸೀರೆ ಹೊಸ್ಲು ದಾಟಂಗಿಲ್ಲ ಅಂದಿದೀನಿ."

"ದಾಟೋದು ಬೇಡ ಅಕ್ಕ. ಹೊಸ್ಲೊಳಗೆ ಬಿಸ್ಲು ಬೀಳೋ ಕಡೆ ಮಣೆ ಹಾಕಿ. ಅದ್ರ ಮೇಲೆ ಸೀರೆ, ಸೀರೆ ಮೇಲೆ ನಮ್ ಚೌಕಟ್ಟು. ಅಷ್ಟೇ. ಈಗ ಫೋನ್ನ ಮೇಲಿಂದ ಹಿಡೀರಿ."

ಪರದೆಯಲ್ಲಿ ಸೀರೆಯ ಮಡಿಕೆ ಕಂಡಿತು, ಅದರ ಮೇಲೆ ರಟ್ಟಿನ ಕಿಟಕಿ, ಕಿಟಕಿಯಲ್ಲಿ ದಾರದ ಗೆರೆಗಳು. ಫೋನು ಅಲ್ಲಾಡುತ್ತಿತ್ತು.

"ಒಂಬತ್ತು ದಾರ ಅಂದ್ರಿ" ಎಂದಿತು ಗಂಗಾಂಬಿಕೆಯ ದನಿ. "ಇಲ್ಲಿ ಎಂಟೇ ಅವೆ. ಆರನೇದು ಬಸ್ಸಲ್ಲೇ ಉದುರೋಗದೆ."

ಕಂಡಕ್ಟರ್, ಎಂದುಕೊಂಡಳು ಸುಮನಾ. ಸೀಟಿನ ಸಂದಿ. ಅವಳು ಬಾನು ಅವರ ಕಡೆ ನೋಡಿದಳು. ಅವರು ಆಗಲೇ ಡಬ್ಬದಿಂದ ಆರನೇ ನಂಬರಿನ ರೀಲನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು.

"ಉದುರಿಲ್ಲ ಅಕ್ಕ. ಆರರ ಎದ್ರಿಗೆ ಬೆರಳಿಟ್ಟು ಸವ್ರಿ ನೋಡಿ."

ಕುಣಿಗಲ್‌ನಲ್ಲಿ ಒಂದು ಬೆರಳು ಸೀರೆಯ ಮೇಲೆ ಮೆಲ್ಲಗೆ ಹರಿಯಿತು, ನಿಂತಿತು, ಏನೂ ಕಾಣದ ಕಡೆ ಏನನ್ನೋ ಮೀಟಿತು.

"ಇಲ್ಲೇ ಅದೆಯಲ್ಲ."

"ಅದೇ ನಿಮ್ ಸೀರೆ ದಾರ."

ಆ ಕಡೆ ಬಳೆ ಸದ್ದು ಕೇಳಿಸಿತು. ಮತ್ತೊಮ್ಮೆ ಮೀಟಿ ನೋಡುತ್ತಿರಬೇಕು.

"ಹನ್ನೊಂದು ಪೀಸೂ ನಾಳೆ ಬಸ್ಸಿಗೆ ಹಾಕ್ತೀನಿ" ಎಂದರು ಗಂಗಾಂಬಿಕೆ ಕೊನೆಗೆ. "ಈ ಚೌಕಟ್ಟು ಮಾತ್ರ ವಾಪಸ್ ಕೊಡಲ್ಲ. ನಮ್ ವಾರಗಿತ್ತಿಗೂ ಒಂದು ಸೀರೆ ಅದೆ, ಕಡಬದಲ್ಲಿ. ಏನ್ ಬಣ್ಣ ಅಂತ ನಂಗೆ ಕೇಳ್ಬೇಡಿ, ಅವಳ್ ಫೋನಲ್ಲಿ ಏನೂ ಗೊತ್ತಾಗಲ್ಲ."

"ಅವರ್ ಸೀರೆಗೂ ಇನ್ನೊಂದ್ ಚೌಕಟ್ಟು ಮಾಡ್ತೀನಿ ಬುಡಿ" ಎಂದರು ಬಾನು.

ಸುಮನಾ ಮಗುವನ್ನೆತ್ತಿಕೊಂಡು ಮಹಡಿಗೆ ಹೋದಳು. ಡ್ರಾಯರಿನಲ್ಲಿ ಮೂರು ಥರ್ಮಾಮೀಟರೂ ಪಕ್ಕಪಕ್ಕ ಮಲಗಿದ್ದವು. ಕೆಳಗೆ ಮೆಟ್ಟಿಲ ಮೇಲೆ ಕತ್ತರಿ ರಟ್ಟನ್ನು ಸೀಳುವ ಸದ್ದು ಕೇಳುತ್ತಿತ್ತು. ಮಗುವಿನ ಮೈ ತಣ್ಣಗಿದ್ದ ಆ ದಿನದ ಅಳತೆಯನ್ನು ಒಂದರಲ್ಲಿ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಳು, ಇನ್ನು ಮೈ ಬಿಸಿಯಾದ ದಿನ ಅದೇ ಒಂದರಲ್ಲಿ ನೋಡಿ ಇದರ ಪಕ್ಕ ಹಿಡಿದರಾಯಿತು. ಮಿಕ್ಕೆರಡನ್ನು ಪೆಟ್ಟಿಗೆಗೆ ಹಾಕಿ ಮೇಲಿಟ್ಟಳು. ಮೇಲಿಟ್ಟು ಬಂದವಳು, ಎಲ್ಲಿಟ್ಟೆನೆಂದು ಮರೆಯದಿರಲಿ ಎಂದು ಅದನ್ನೂ ಬರೆದಳು.