ಬ್ರೇಕಿಗೆ ಎಣ್ಣೆ ಹಚ್ಚಬಹುದೇ?

ಎಂಟನೆಯ ತರಗತಿಯ ಮಕ್ಕಳಿಗೆ ನಾನು ಪ್ರತಿ ವರ್ಷ ತಪ್ಪದೆ ಕೇಳುತ್ತಿದ್ದ ಪ್ರಶ್ನೆಯೊಂದಿತ್ತು. ‘ಸೈಕಲ್ಲಿನ ಚೈನಿಗೆ ಎಣ್ಣೆ ಹಾಕುತ್ತೇವೆ, ಬ್ರೇಕಿಗೆ ಹಾಕುವುದಿಲ್ಲ. ಕಾರಣ ಕೊಡಿ.’ ಎರಡು ಅಂಕ. ಹಾನಗಲ್ಲಿನಲ್ಲಿ ವಿಜ್ಞಾನ ಹೇಳಲು ಶುರುಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಘರ್ಷಣೆಯ ಪಾಠ ಮುಗಿದಾಗಲೆಲ್ಲ ಈ ಪ್ರಶ್ನೆ ಬರುತ್ತಿತ್ತು. ಸರಿಯಾಗಿ ಬರೆಯದವರನ್ನು ನಿಲ್ಲಿಸಿ, ದಿನಾ ಸೈಕಲ್ ಹೊಡೆಯುವವರಿಗೆ ಇಷ್ಟೂ ತಿಳಿಯುವುದಿಲ್ಲವೇ ಎಂದು ಬೈಯುತ್ತಿದ್ದೆ. ಈಗ ಆ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

ನಲವತ್ತೈದು ದಾಟಿದ ಮೇಲೆ ನನಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಮೊದಲು ಹಿಡಿದದ್ದು ನಮ್ಮ ಯಜಮಾನರಿಗೆ. ಅವರು ಹಳೆಯ ಟೂರಿಂಗ್ ಸೈಕಲ್ ಒಂದನ್ನು ಕೊಂಡು, ಹಿಂದೆ ಎರಡು ಚೀಲ ಕಟ್ಟಿ, ಭಾನುವಾರ ಮುಂಜಾನೆ ಆಡೂರಿನವರೆಗೆ ಹೋಗಿ ಬರುತ್ತಿದ್ದರು. ಅದರದು ರಿಮ್ ಬ್ರೇಕು: ಎರಡು ರಬ್ಬರ್ ತುಂಡುಗಳು ಚಕ್ರದ ರಿಮ್ಮನ್ನು ಎರಡೂ ಕಡೆಯಿಂದ ಒತ್ತಿ ಹಿಡಿದು ನಿಲ್ಲಿಸುತ್ತವೆ. ನಾನು ಕೊಳ್ಳುವಾಗ ಮಾತ್ರ ಡಿಸ್ಕ್ ಬ್ರೇಕಿನದೇ ಬೇಕೆಂದು ಹಟ ಹಿಡಿದೆ. ಚಕ್ರದ ನಡುವೆ ತೆಳ್ಳನೆಯ ಉಕ್ಕಿನ ಬಿಲ್ಲೆ, ಅದನ್ನು ಎರಡೂ ಕಡೆಯಿಂದ ಹಿಡಿಯುವ ಪುಟ್ಟ ಪ್ಯಾಡುಗಳು. ನೋಡಲಿಕ್ಕೇ ಬೇರೆ ಗತ್ತು.

ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲ್ಲೂಕಿನ ಸೈಕಲ್ ಹುಚ್ಚರದು ಒಂದು ವಾಟ್ಸಾಪ್ ಗುಂಪಿದೆ. ಡಿಸ್ಕೋ ರಿಮ್ಮೋ ಎಂಬ ಜಗಳ ಅಲ್ಲಿ ವಾರಕ್ಕೊಮ್ಮೆ ಏಳುತ್ತಿತ್ತು, ಡಿಸ್ಕಿನ ಪರ ವಕಾಲತ್ತು ನನ್ನದು. ಮಳೆಯಲ್ಲಿ ರಿಮ್ಮು ಒದ್ದೆಯಾದರೆ ರಬ್ಬರ್ ಜಾರುತ್ತದೆ, ಕೆಸರು ಮೆತ್ತಿದರೆ ರಿಮ್ಮೇ ಸವೆಯುತ್ತದೆ, ಹೊರೆ ಹೊತ್ತು ಇಳಿಜಾರಿನಲ್ಲಿ ಹಿಡಿದೇ ಇದ್ದರೆ ರಿಮ್ಮು ಕಾಯುತ್ತದೆ ಎಂದೆಲ್ಲ ಉದ್ದುದ್ದ ಬರೆಯುತ್ತಿದ್ದೆ. ಬರೆದದ್ದೇನೂ ಸುಳ್ಳಲ್ಲ. ಆದರೆ ಓದಿದವರು ‘ಅಕ್ಕೋರು ಹೇಳಿದ ಮ್ಯಾಲ ಮುಗೀತು’ ಎನ್ನುತ್ತಿದ್ದರಲ್ಲ, ಬರೆಯುತ್ತಿದ್ದುದು ಆ ಮಾತಿಗಾಗಿ.

ನಮ್ಮೂರಲ್ಲಿ ಸೈಕಲ್ ರಿಪೇರಿಗೆ ಇರುವುದು ಒಬ್ಬರೇ. ನಾನು ಹೈಸ್ಕೂಲಿನಲ್ಲಿದ್ದಾಗ ಅವರ ಅಪ್ಪನ ಅಂಗಡಿಯಿಂದಲೇ ತಾಸಿನ ಬಾಡಿಗೆಗೆ ಸೈಕಲ್ ತಂದು ಕಲಿತವಳು. ಆಗ ಅವರು ಮೀಸೆ ಚಿಗುರಿದ ಹುಡುಗ, ಈಗ ಐವತ್ತು ದಾಟಿದವರು. ಊರಿನ ತುಂಬ ಬೈಕುಗಳಾಗಿ ಅವರ ಕೆಲಸ ಪಂಕ್ಚರಿಗೆ ಬಂದು ನಿಂತಿತ್ತು. ಈ ಹೊಸ ಸೈಕಲ್ಲುಗಳು ಬರತೊಡಗಿದ ಮೇಲೆ ಅವರಿಗೆ ಮತ್ತೆ ಆಸೆ ಹುಟ್ಟಿತು. ಫೋನಿನಲ್ಲಿ ವಿಡಿಯೋ ನೋಡಿ ಕಲಿತರು, ಹುಬ್ಬಳ್ಳಿಗೆ ಹೋಗಿ ಡಿಸ್ಕಿಗೆ ಬೇಕಾದ ಪಾನಾಗಳನ್ನು ತಂದರು, ‘ಇಲ್ಲಿ ಡಿಸ್ಕ್ ಬ್ರೇಕ್ ಕೆಲಸ ಮಾಡಲಾಗುವುದು’ ಎಂದು ತಗಡಿನ ಮೇಲೆ ತಾವೇ ಬರೆದು ಅಂಗಡಿಯ ಮುಂದೆ ತೂಗುಹಾಕಿದರು. ಅವರ ಕೈಗೆ ಬಂದ ಮೊದಲ ಡಿಸ್ಕ್ ಸೈಕಲ್ ನನ್ನದು.

ಆ ದಸರೆಯ ರಜೆಯಲ್ಲಿ ನಾವಿಬ್ಬರೂ ನಾಲ್ಕು ತಾಲ್ಲೂಕು ಸುತ್ತಿ ಬರುವುದೆಂದು ಮಾಡಿದ್ದೆವು. ಅದಕ್ಕೆ ಮೊದಲು ಸೈಕಲ್ಲನ್ನು ಅವರಲ್ಲಿ ಬಿಟ್ಟೆ. ಅರ್ಧ ದಿನ ಕೂತು, ಸೊಟ್ಟಗಾಗಿದ್ದ ಬಿಲ್ಲೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ನೆಟ್ಟಗೆ ಮಾಡಿ, ಹೊಸ ಪ್ಯಾಡು ಹಾಕಿ ಹೊಂದಿಸಿ ಕೊಟ್ಟರು. ಡಿಸ್ಕ್ ಒಳ್ಳೆಯದೇ, ಆದರೆ ದೂರ ಹೋಗುವ ಗಾಡಿಗೆ ಹಳ್ಳಿಯಲ್ಲೂ ಸಿಗುವ ಸಾಮಾನು ಇರಬೇಕು, ನಿಮ್ಮ ಸಾಹೇಬರ ರಬ್ಬರ್ ಬ್ರೇಕು ಎಲ್ಲಿ ಕೆಟ್ಟರೂ ನಡೆಯುತ್ತದೆ ಎಂದರು. ನಾನು ಅಲ್ಲೇ ನಿಂತು ಅವರಿಗೆ ಘರ್ಷಣೆಯ ಪಾಠ ಮಾಡಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಸೈಕಲ್ ಕೈಗೆ ಕೊಡುವಾಗ ಒಂದೇ ಮಾತು ಹೇಳಿದರು.

“ಈ ಪ್ಲೇಟಿಗೆ ಎಣ್ಣಿ ತಾಗಿಸಬ್ಯಾಡ್ರಿ ಅಕ್ಕೋರ. ಬೆರಳು ಸೈತ ಹಚ್ಚಬ್ಯಾಡ್ರಿ.”

ಇಪ್ಪತ್ತು ವರ್ಷ ಇದನ್ನೇ ಕಲಿಸಿದವಳಿಗೆ ಇವರು ಹೇಳುವುದೇನು ಎಂದುಕೊಂಡೆ.

ಮಾರನೆಯ ದಿನ ಖಂಡೆ ಪೂಜೆ, ಆಯುಧ ಪೂಜೆಗೆ ನಮ್ಮ ಕಡೆಯ ಹೆಸರು. ನಮ್ಮವ್ವ ಆ ದಿನ ಕುಡಗೋಲು, ಕೊಡಲಿ, ಈಳಿಗೆ ಎಲ್ಲವನ್ನೂ ತೊಳೆದು, ಕುಸುಬಿ ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒರೆಸಿ, ಆಮೇಲೆ ವಿಭೂತಿ ಕುಂಕುಮ ಹಚ್ಚುತ್ತಿದ್ದಳು. ಕಬ್ಬಿಣ ಒಣಗಿದ ಮೈಯಲ್ಲಿ ಪೂಜೆಗೆ ಕೂಡಬಾರದು ಎನ್ನುವುದು ಅವಳ ಮಾತು. ಅವಳು ಹೋಗಿ ಎಷ್ಟೋ ವರ್ಷವಾಗಿದೆ, ನಾನು ಇವತ್ತಿಗೂ ಹಾಗೆಯೇ ಮಾಡುತ್ತೇನೆ. ಈಳಿಗೆ ಒರೆಸಿದೆ, ಮಿಕ್ಸರಿನ ಬ್ಲೇಡು ಒರೆಸಿದೆ, ಅದೇ ಅರಿವೆಯಿಂದ ಸೈಕಲ್ಲನ್ನೂ ಒರೆಸಿದೆ. ಎಲ್ಲಕ್ಕಿಂತ ಹೊಳೆಯುತ್ತಿದ್ದುದು ಆ ಎರಡು ಬಿಲ್ಲೆಗಳು. ಅವುಗಳನ್ನು ಮತ್ತೊಮ್ಮೆ ಒರೆಸಿ, ಮೂರು ಬೆರಳಿನ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು ಫೋಟೋ ತೆಗೆದು ನೆಂಟರ ಗುಂಪಿಗೆ ಹಾಕಿದೆ. ಬಹಳ ಜನ ಕೈ ಮುಗಿದರು. ಪೂಜೆಯ ಎಣ್ಣೆ ನನ್ನ ತಲೆಯೊಳಗೆ ಎಣ್ಣೆಯೇ ಆಗಿರಲಿಲ್ಲ. ಆ ಎಣ್ಣೆ ಬೇರೆ, ಪಾಠದ ಎಣ್ಣೆ ಬೇರೆ.

ಬನ್ನಿ ಹಬ್ಬ ಮುಗಿಸಿ ಮರುದಿನ ಹೊರಟೆವು. ಹಾನಗಲ್ ದಾಟುವ ಮೊದಲೇ ನನ್ನ ಬ್ರೇಕು ಕಿರುಗುಟ್ಟತೊಡಗಿತು, ಹಿಡಿತವೂ ಸಾಲದು. ಹೊಸ ಪ್ಯಾಡು ಪಳಗಲು ನಾಲ್ಕು ದಿನ ಬೇಕೆಂದು ಎಲ್ಲೋ ಓದಿದ್ದೆ. ಅದನ್ನೇ ಯಜಮಾನರಿಗೆ ವಿವರಿಸಿದೆ. ಶಿಗ್ಗಾಂವದಲ್ಲಿ ಅವರ ಬ್ರೇಕಿನ ರಬ್ಬರ್ ಸವೆದು ಹೋಯಿತು. ಹೆದ್ದಾರಿಯ ಬದಿಯ ಪಂಕ್ಚರ್ ಅಂಗಡಿಯವನು ಡಬ್ಬಿಯಿಂದ ಒಂದು ಜೋಡಿ ಹುಡುಕಿ ತೆಗೆದು, ನಾವು ಚಹಾ ಕುಡಿಯುವುದರೊಳಗೆ ಹಾಕಿಕೊಟ್ಟ. ನೋಡಿದಿರಾ, ನಿಮ್ಮದು ಮೊದಲ ದಿನವೇ ದವಾಖಾನೆ ಸೇರಿತು ಎಂದು ನಾನು ಚೇಷ್ಟೆ ಮಾಡಿದೆ. ಸವಣೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದಾಗ ಅವರು, ನಿನ್ನ ಸೈಕಲ್ಲನ್ನೂ ಯಾರಿಗಾದರೂ ತೋರಿಸೋಣ ಎಂದರು. ಇದನ್ನು ಇಲ್ಲಿ ಯಾರು ಬಲ್ಲರು ಎಂದು ನಾನು ಖಾರದ ಚುರುಮುರಿ ತಿನ್ನುತ್ತ ಕೂತೆ.

ಎರಡನೆಯ ದಿನ, ಹಿರೇಕೆರೂರಿಗೆ ಇನ್ನು ಐದಾರು ಮೈಲಿ ಇದೆ ಎನ್ನುವಾಗ ಉದ್ದನೆಯ ಇಳಿಜಾರು ಬಂತು. ಕೆಳಗೆ ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು, ಇನ್ನರ್ಧದಲ್ಲಿ ಎದುರಿನಿಂದ ಟ್ರ್ಯಾಕ್ಟರು. ನಾನು ಎರಡೂ ಬ್ರೇಕು ಹಿಡಿದೆ. ಬಲವೆಲ್ಲ ಹಾಕಿ ಅದುಮಿದೆ, ಸೈಕಲ್ ನಿಲ್ಲಲಿಲ್ಲ. ಜೋಳದೊಳಗೆ ನುಗ್ಗಿ, ಅದರ ಮೇಲೆಯೇ ಜಾರಿ ಬಿದ್ದೆ. ಜೋಳ ಕಾಯುತ್ತಿದ್ದ ಹೆಣ್ಣುಮಗಳು ಓಡಿ ಬಂದು ಎಬ್ಬಿಸಿ ನೀರು ಕೊಟ್ಟಳು. ಎಡ ಮೊಣಕೈ ಮೂಳೆ ಸೀಳಿತ್ತು. ಬಲಗೈಗೆ ಏನೂ ಆಗಿರಲಿಲ್ಲ, ಕೆಟ್ಟದ್ದಾಗಿದ್ದು ಅದರಿಂದಲೇ.

ಆ ಸಂಜೆ ಹಿರೇಕೆರೂರಿನ ದವಾಖಾನೆಯ ಬೆಂಚಿನ ಮೇಲೆ ಕೂತು, ಬಲಗೈಯಿಂದ ಸೈಕಲ್ ಗುಂಪಿಗೆ ಬರೆದೆ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನಾನು ಅದನ್ನೂ ವ್ಯಾಕರಣಶುದ್ಧವಾಗಿ ಹತ್ತು ಸಾಲಿನಲ್ಲಿ ಅಂದೆ. ವಿಡಿಯೋ ನೋಡಿ ಕಲಿತವರ ಕೈಗೆ ನಿಮ್ಮ ಪ್ರಾಣ ಕೊಡಬೇಡಿ, ಪಂಕ್ಚರ್ ಹಾಕುವುದೇ ಬೇರೆ ಬ್ರೇಕಿನ ವಿಜ್ಞಾನವೇ ಬೇರೆ, ನಮ್ಮೂರಿನ ಅಂಗಡಿಗೆ ಮಾತ್ರ ಹೋಗಬೇಡಿ ಎಂದು ಬರೆದೆ. ಹೆಸರು ಹಾಕಲಿಲ್ಲ. ಊರಿಗೆ ಒಂದೇ ಅಂಗಡಿ ಇರುವಾಗ ಹೆಸರು ಯಾಕೆ ಬೇಕು? ಅಯ್ಯೋ ಪಾಪ ಎಂದವರು, ಒಳ್ಳೆಯದಾಯಿತು ಹೇಳಿದಿರಿ ಎಂದವರು ಸಾಲುಗಟ್ಟಿ ಬಂದರು. ನೋವು ಅರ್ಧ ಕಡಿಮೆಯಾಯಿತು.

ಕೈ ಕಟ್ಟು ಬಿಚ್ಚಿದ ಮೇಲೆ ಸೈಕಲ್ಲನ್ನು ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಒಯ್ದೆವು. ಅಲ್ಲಿಯವನು ಪ್ಯಾಡು ಬಿಚ್ಚಿ, ಬಿಳಿ ಕಾಗದದಿಂದ ಒರೆಸಿ, ಕಾಗದವನ್ನು ನಮ್ಮ ಮುಂದೆ ಹಿಡಿದ. ಎಣ್ಣೆ ಹೀರಿದ ಕಾಗದದ ನಡುವೆ ಕೆಂಪು ಮೆತ್ತಿತ್ತು.

“ಅಕ್ಕಾರ, ಇದಕ್ಕ ಪೂಜಿ ಮಾಡೀರೇನ್ರಿ?”

ಅವನು ನಗುತ್ತಿದ್ದ. ಪ್ಯಾಡು ಹೊಂದಿಸಿದ ಕೈ ಬಹಳ ಚೆನ್ನಾಗಿದೆ, ಯಾರು ಮಾಡಿದ್ದು ಎಂದೂ ಕೇಳಿದ. ನಾನು ದುಡ್ಡು ಎಣಿಸತೊಡಗಿದೆ. ಬಸ್ಸಿನಲ್ಲಿ ಯಜಮಾನರು, ಊರಿಗೆ ಇಳಿದ ಕೂಡಲೇ ಹೋಗಿ ಹೇಳಿಬಿಡು ಎಂದರು. ನಾಳೆ ಎಂದೆ.

ಆ ನಾಳೆ ಬರಲು ಒಂದು ವರ್ಷ ಹಿಡಿಯಿತು. ಗುಂಪಿನಲ್ಲಿ ‘ಬ್ರೇಕು ಈಗ ಸರಿಯಾಗಿದೆ’ ಎಂದಷ್ಟೇ ಬರೆದೆ. ಹುಬ್ಬಳ್ಳಿಯವರು ಸರಿಮಾಡಿದರೆಂದು ಎಲ್ಲರೂ ತಿಳಿದರು, ತಿಳಿಯಲಿ ಎಂದೇ ಹಾಗೆ ಬರೆದಿದ್ದೆ. ಒಂದು ದಿನ ಆ ಅಂಗಡಿಯ ಮುಂದೆ ಹಾದಾಗ ತಗಡಿನ ಬೋರ್ಡು ಇರಲಿಲ್ಲ. ಮತ್ತೊಂದು ದಿನ ನೋಡಿದರೆ ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದ್ದರು. ಅಂದಿನಿಂದ ಶಾಲೆಗೆ ಸುತ್ತುಬಳಸಿ ಹೋಗತೊಡಗಿದೆ. ಘರ್ಷಣೆಯ ಪಾಠ ಬಂದಾಗ ನನ್ನ ಪ್ರಶ್ನೆಯನ್ನು ನಾನೇ ಬಿಟ್ಟೆ. ಮಕ್ಕಳಿಗೆ ಏನು ಗೊತ್ತು? ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೋ ಸೈಕಲ್ ಎಂದರೂ ನನ್ನ ಮುಖ ಬಿಸಿಯಾಗುತ್ತಿತ್ತು. ಯಜಮಾನರು ಮೊದಮೊದಲು ‘ಹೇಳಿದಿಯಾ?’ ಎಂದು ಕೇಳುತ್ತಿದ್ದರು. ಆಮೇಲೆ ಕೇಳುವುದನ್ನು ಬಿಟ್ಟರು. ಅದು ಇನ್ನೂ ಕಷ್ಟವಾಯಿತು.

ಮುಂದಿನ ದಸರೆ ಬಂತು. ನಮ್ಮ ಕಡೆ ವಿಜಯದಶಮಿಯ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತೇವೆ. ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಎಲೆ ಕೊಟ್ಟರೆ ಹಳೆಯ ಜಗಳ ಅಲ್ಲಿಗೆ ಮುಗಿಯಿತು, ಯಾರೂ ಅದನ್ನು ಕೆದಕುವಂತಿಲ್ಲ. ಸತ್ಯ ಹೇಳುತ್ತೇನೆ, ನಾನು ಆ ದಿನವನ್ನೇ ಆರಿಸಿದ್ದು ಅದಕ್ಕಾಗಿ. ಎಲೆ ಕೊಟ್ಟು, ಕಾಲು ಮುಟ್ಟಿ, ಏನೂ ಹೇಳದೆ ಬಂದರೂ ಲೆಕ್ಕ ಚುಕ್ತಾ ಆದೀತು ಎಂಬ ಹಂಚಿಕೆ.

ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಅವರು ಒಬ್ಬರೇ ಕೂತಿದ್ದರು. ಹಿಂದಿನ ದಿನದ ಪೂಜೆ ಹಾಗೆಯೇ ಇತ್ತು: ಪಾನಾ, ಪಕ್ಕಡ್, ಪಂಪು ಎಲ್ಲಕ್ಕೂ ಎಣ್ಣೆ, ವಿಭೂತಿ, ಕುಂಕುಮ. ಪಕ್ಕದಲ್ಲಿ ಒಂದು ಹಾಳೆಯ ಮೇಲೆ ಡಿಸ್ಕಿನ ಹಳೆಯ ಬಿಲ್ಲೆಯೊಂದನ್ನು ಬೇರೆಯಾಗಿ ಇಟ್ಟಿದ್ದರು. ಅದಕ್ಕೆ ಎಣ್ಣೆ ಇಲ್ಲ, ಕುಂಕುಮ ಇಲ್ಲ. ಹಾಳೆಯ ತುದಿಗೆ, ಬಿಲ್ಲೆಗೆ ತಾಗದಂತೆ, ಒಂದು ಚೆಂಡು ಹೂವು.

ಅದನ್ನು ನೋಡಿದ ಮೇಲೆ ನನ್ನ ಹಂಚಿಕೆ ಉಳಿಯಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಎಣ್ಣೆ ಹಚ್ಚಿದ್ದು ನಾನೇ, ಹುಬ್ಬಳ್ಳಿಯಲ್ಲಿ ಗೊತ್ತಾಯಿತು, ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ. ಅವರು ಬಿಲ್ಲೆಯನ್ನೇ ನೋಡುತ್ತಿದ್ದರು. ದನಿ ಏರಿಸದೆ ಮಾತಾಡಿದರು.

“ಒಂದು ವರ್ಸ ಆತ್ರಿ ಅಕ್ಕೋರ, ನನ್ನ ಕೈ ಎಲ್ಲಿ ತಪ್ಪಿತು ಅಂತ ಹುಡುಕಾಕತ್ತೇನಿ. ಈ ಪ್ಲೇಟ್ ಹಾಕಿ ತಗದು, ಹಾಕಿ ತಗದು ನೋಡೇನಿ.”

ನನಗೆ ಅಳು ಬಂತು. ಅಳುವ ಹಕ್ಕು ನನಗಿರಲಿಲ್ಲ. ಬನ್ನಿ ಎಲೆ ಮುಂದೆ ಹಿಡಿದು ಕಾಲು ಮುಟ್ಟಲು ಬಗ್ಗಿದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು.

“ಬನ್ನಿ ಆಮ್ಯಾಲ ಕೊಡ್ರಿ. ನಾಕು ತಾಲೂಕಿಗೆ ಹೇಳಿದ್ದನ್ನ ನನ್ನೊಬ್ಬಗ ಬಂದು ತಪ್ಪು ಅಂದ್ರ ಹೆಂಗ್ರಿ? ಮೊದಲ ಅಲ್ಲಿ ಬರೀರಿ.”

ಅಲ್ಲೇ ಸ್ಟೂಲಿನ ಮೇಲೆ ಕೂತು ಫೋನ್ ತೆಗೆದೆ. ಅಂದು ಹತ್ತು ಸಾಲು ಸರಸರ ಬಂದಿದ್ದವು, ಇಂದು ಒಂದು ಸಾಲಿಗೆ ಬೆರಳು ಏಳಲಿಲ್ಲ. ಕೊನೆಗೆ ಬರೆದೆ: ‘ಕಳೆದ ವರ್ಷ ನಾನು ಬಿದ್ದದ್ದು ನಮ್ಮೂರಿನ ಮೆಕ್ಯಾನಿಕ್ ಅವರ ತಪ್ಪಿನಿಂದಲ್ಲ. ಪೂಜೆಯ ದಿನ ಡಿಸ್ಕಿಗೆ ನಾನೇ ಎಣ್ಣೆ ಹಚ್ಚಿದ್ದೆ.’ ಅಲ್ಲಿಗೆ ನಿಲ್ಲಿಸಬಹುದಿತ್ತು. ಓದಿದವರು ನನಗೆ ಇವತ್ತೇ ಗೊತ್ತಾಯಿತು ಎಂದುಕೊಳ್ಳುತ್ತಿದ್ದರು, ಅಕ್ಕೋರು ಎಷ್ಟು ದೊಡ್ಡ ಮನಸ್ಸಿನವರು ಎಂದೂ ಅನ್ನುತ್ತಿದ್ದರು. ಎದುರಿಗೆ ಕೂತಿದ್ದ ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಮೂರನೆಯ ಸಾಲನ್ನೂ ಬರೆದೆ: ‘ಇದು ನನಗೆ ಗೊತ್ತಾಗಿ ಒಂದು ವರ್ಷದ ಹತ್ತಿರ ಬಂತು. ನಾನು ಮುಚ್ಚಿಟ್ಟಿದ್ದೆ.’

ಕಳಿಸಿದೆ. ಆ ಕ್ಷಣವೇ ಅವರ ಅಂಗಿಯ ಜೇಬಿನಲ್ಲಿ ಟಿಣ್ ಎಂದಿತು.

ಅವರೂ ಆ ಗುಂಪಿನಲ್ಲಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಹೆಸರಿಲ್ಲದ ಎಷ್ಟೋ ನಂಬರುಗಳಲ್ಲಿ ಒಂದು ಅವರದಾಗಿತ್ತು. ಹಾಗಾದರೆ ಹಿರೇಕೆರೂರಿನ ಬೆಂಚಿನ ಮೇಲಿಂದ ನಾನು ಬರೆದ ಆ ಹತ್ತು ಸಾಲೂ, ಅದರ ಕೆಳಗೆ ಬಂದ ಒಂದೊಂದು ಮಾತೂ ಇದೇ ಜೇಬಿನಲ್ಲಿ ಹೀಗೇ ಸದ್ದು ಮಾಡಿದ್ದವು.

ಅವರು ಕೈ ಒರೆಸಿಕೊಂಡು ಫೋನ್ ತೆಗೆದು, ತುಟಿ ಆಡಿಸುತ್ತ ನಿಧಾನವಾಗಿ ಕೊನೆಯವರೆಗೂ ಓದಿದರು. ಇನ್ನೊಮ್ಮೆ ಓದಿದರು. ಜೇಬಿಗೆ ಇಟ್ಟು ಕೈ ಚಾಚಿದರು.

“ಈಗ ಕೊಡ್ರಿ.”

ಎಲೆಗಳು ನನ್ನ ಮುಷ್ಟಿಯಲ್ಲಿ ಬೆವರಿಗೆ ಮೆತ್ತಗಾಗಿದ್ದವು. ಬಂಗಾರದ ಮಾತು ಬಾಯಿಗೆ ಬರಲಿಲ್ಲ. ಹಾಗೇ ಕೊಟ್ಟೆ.