ಅತ್ತೆಯ ಕೈ, ಮೇಸ್ತ್ರಿಯ ತಗಡು

ಹೋದ ವಾರ ನಮ್ಮ ಶಾಲೆಯ ಆಫೀಸಿನಲ್ಲಿ ಊದುಬತ್ತಿ ಹಚ್ಚಿದ್ದರು. ಮೇಜಿನ ಮೇಲೆ ನನ್ನ ಮೌಲ್ಯಮಾಪನದ ಪತ್ರ ಇತ್ತು. ಪಾಠದ ಗುಣಮಟ್ಟ, ತರಗತಿಯ ಶಿಸ್ತು ಎಂದು ಉದ್ದಕ್ಕೂ ಮನೆಗಳು. 'ಸುಧಾರಿಸಬೇಕು' ಎನ್ನುವ ಮನೆಯಲ್ಲಿ ಟಿಕ್. ಹಾಕಿದವರು ಒಂದು ದಿನವೂ ನನ್ನ ತರಗತಿಯಲ್ಲಿ ಕೂತವರಲ್ಲ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಚಿಕ್ಕಂದಿನ ಒಂದು ಸಿಟ್ಟು ಮತ್ತೆ ಎದ್ದು ಕೂತಿತು.

ಕುರುಬರಹಳ್ಳಿಯ ನಮ್ಮ ಶೀಟಿನ ಮನೆಯಲ್ಲಿ ಸದಾ ಇದೇ ವಾಸನೆ. ಅಪ್ಪನ ಅಕ್ಕ, ನಮ್ಮ ನಿಂಗತ್ತೆ, ಬಾಗಿಲ ಬೆಳಕಿಗೆ ಕೂತು, ಮಣೆ ಮುಂದಿಟ್ಟುಕೊಂಡು ದಿನವಿಡೀ ಊದುಬತ್ತಿ ಹೊಸೆಯುತ್ತಿದ್ದಳು. ಅಂಗೈ ಒಮ್ಮೆ ಮುಂದೆ ಹೋಗಿ ಬರುವಷ್ಟರಲ್ಲಿ ಬಿದಿರುಕಡ್ಡಿಗೆ ಕರಿ ಮಸಾಲೆ ನುಣ್ಣಗೆ ಅಂಟಿರುತ್ತಿತ್ತು. ಸಂಜೆ ದೀಪ ಹಚ್ಚುವಾಗ, ಒಣಗಿದ್ದರಲ್ಲಿ ಒಂದನ್ನು ದೇವರ ಮುಂದೆ ಹಚ್ಚುವಳು. ಕೊನೆಯವರೆಗೆ ಆರದೆ ಉರಿದರೆ ಅವಳ ಪ್ರಕಾರ ಪಾಸು. ವಾರಕ್ಕೊಮ್ಮೆ ಮಾಲು ಒಯ್ಯಲು ಬರುತ್ತಿದ್ದ ಊದುಬತ್ತಿ ಕಂಪನಿಯ ಮೇಸ್ತ್ರಿಯ ಪರೀಕ್ಷೆಯೇ ಬೇರೆ. ಅವನ ಜೇಬಿನಲ್ಲಿ ತೂತು ಕೊರೆದ ತಗಡು. ಬತ್ತಿ ಆ ತೂತಿನಲ್ಲಿ ಸಲೀಸಾಗಿ ದಾಟದಿದ್ದರೆ ಇಡೀ ಕಟ್ಟು ವಾಪಸ್ಸು. ಒಂದನ್ನಾದರೂ ಅವನು ಹಚ್ಚಿ ನೋಡಿದ್ದನ್ನು ನಾನು ಕಾಣೆ. ಆ ಬೇಸಿಗೆಯಲ್ಲಿ ಅತ್ತೆಯ ಕಟ್ಟುಗಳು ಒಂದಾದ ಮೇಲೊಂದು ವಾಪಸ್ಸು ಬಂದವು. "ದಪ್ಪ ಆಗ್ತಾ ಇದೆ ಅಮ್ಮಾ. ನಿಮ್ ಕೈ ಹೋಯ್ತು, ಬಿಟ್ಬಿಡಿ," ಅಂದ. ಅತ್ತೆ ಬಿಸಿನೀರಿನಲ್ಲಿ ಬೆರಳು ನೆನೆಸಿದಳು, ಹರಳೆಣ್ಣೆ ತಿಕ್ಕಿದಳು. ಆಮೇಲೆ ಮಣೆಯನ್ನು ಮಂಚದಡಿಗೆ ತಳ್ಳಿದಳು. ಮುದ್ದೆ ಕಟ್ಟಲಿಕ್ಕೂ ಅವಳಿಗೆ ಧೈರ್ಯ ಉಳಿಯಲಿಲ್ಲ. "ನೀನೇ ಕಟ್ಟೇ, ನನ್ ಕೈ ಸರಿ ಇಲ್ಲ," ಎಂದು ಅಮ್ಮನಿಗೆ ಬಿಟ್ಟುಕೊಟ್ಟಳು.

ದಸರಾ ಹತ್ತಿರ ಬಂತು, ಊದುಬತ್ತಿಗೆ ಎಲ್ಲಿಲ್ಲದ ಬೇಡಿಕೆ. ಇದ್ದಷ್ಟು ಕೊಡಿ ಎಂದು ಮೇಸ್ತ್ರಿ ಮನೆಮನೆ ತಿರುಗಿದ. ಅವನೇ ವಾಪಸ್ಸು ಕೊಟ್ಟಿದ್ದ ಕಟ್ಟೊಂದನ್ನು ಮಂಚದಡಿಯಿಂದ ತೆಗೆದು, ಪಕ್ಕದ ಮನೆಯ ಜಗಲಿಯಲ್ಲಿ ಅವನ ಮುಂದಿಟ್ಟೆ. ಅವನು ಜೇಬಿನಿಂದ ತಗಡು ತೆಗೆದ. ಅದು ಬೇರೆ ತಗಡು. ತೂತು ದೊಡ್ಡದೆಂದು ನನಗೇ ಕಾಣುತ್ತಿತ್ತು. ಬತ್ತಿ ಸರಕ್ಕನೆ ದಾಟಿತು.

"ಫಸ್ಟ್ ಕ್ಲಾಸ್! ಯಾರ್ದಮ್ಮಾ ಇದು?"

"ನಿಂಗತ್ತೇದು. ನೀವೇ ವಾಪಸ್ ಮಾಡಿದ್ದು," ಅಂದೆ.

ಅವನು ಕಟ್ಟನ್ನು ಚೀಲಕ್ಕೆ ಹಾಕಿಕೊಂಡ. ಮಾಲು ಬೇಡವಾದಾಗ ಒಂದು ತೂತು, ಬೇಕಾದಾಗ ಇನ್ನೊಂದು! ಮಾಲು ಬೇಡ ಎಂದು ನೇರವಾಗಿ ಹೇಳಲು ಅವನಿಗೇನು ಬಾಯಿರಲಿಲ್ಲವೇ? ಹೆಂಗಸೊಬ್ಬಳ ಕೈಗೇ ಕೆಟ್ಟ ಹೆಸರು ಕಟ್ಟಿದನಲ್ಲ, ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಓಡಿ ಬಂದು ಅತ್ತೆಗೆ ಹೇಳಿದೆ, ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು ಬಹಳ ಹೊತ್ತು ನೋಡಿದಳು. "ಹಂಗಾದ್ರೆ ನನ್ ಕೈ ಚೆನ್ನಾಗೇ ಇತ್ತೇನೇ?" ಎಂದಳು.

ಅತ್ತೆ ಈಗಿಲ್ಲ, ಆ ಶೀಟಿನ ಮನೆಯೂ ಇಲ್ಲ; ಅಲ್ಲಿ ನಾಲ್ಕಂತಸ್ತು ಎದ್ದಿದೆ. ಹೋದ ವಾರ ನಾನು ಆ ಮೌಲ್ಯಮಾಪನದ ಪತ್ರಕ್ಕೆ ಸಹಿ ಹಾಕದೆ ಎದ್ದು ಬಂದೆ. ಮಣೆಯ ಮುಂದೆ ಅತ್ತೆ ಮತ್ತೆಂದೂ ಕೂರಲಿಲ್ಲ. ಆದರೆ ಮೇಸ್ತ್ರಿ ಆ ಕಟ್ಟು ಒಯ್ದ ದಿನ ಸಂಜೆ ಅಮ್ಮನನ್ನು ಒಲೆಯ ಮುಂದಿನಿಂದ ಎಬ್ಬಿಸಿ, ಮನೆಯವರಿಗೆಲ್ಲ ತಾನೇ ಮುದ್ದೆ ಕಟ್ಟಿದಳು.